ಎಲ್ಲರಿಗೂ ಬಾಗಿಲು ತೆಗೆದ ಕಟ್ಟಮಂಚಿ ರೆಡ್ಡಿಯವರು

ಅನಂತಪುರ ಪಟ್ಟಣಕ್ಕೆ ಹೊಂದಿಕೊಂಡಂತೆ ಬುಕ್ಕರಾಯಸಮುದ್ರ ಅಂತ ಒಂದು ಊರಿದೆ. ವಿಜಯನಗರದ ಬುಕ್ಕರಾಯನ ಹೆಸರಿನ ದೊಡ್ಡ ಕೆರೆ ಅಲ್ಲಿದೆ. ಆ ಕೆರೆಯ ಏರಿಯನ್ನು ಜನ ಮುಸಲಮ್ಮನ ಕಟ್ಟ ಅಂತಲೇ ಕರೆಯುತ್ತಾರೆ. ಮಳೆ ಹೆಚ್ಚಾಗಿ ಏರಿ ಒಡೆಯುವ ಹೊತ್ತಿಗೆ, ಊರು ಉಳಿಯಲಿ ಅಂತ ಬಸಿರೆಡ್ಡಿಯ ಕಿರಿಯ ಸೊಸೆ ಮುಸಲಮ್ಮ ಗಂಡ, ಮಗು ಎಲ್ಲರನ್ನೂ ಬಿಟ್ಟು ನೀರಿಗೆ ಆಹುತಿಯಾದಳು ಎಂಬುದು ಕಥೆ. ನಮ್ಮ ಕನ್ನಡದ ಹೆಣ್ಣುಮಕ್ಕಳು ಹಾಡುತ್ತಿದ್ದ ‘ಕೆರೆಗೆ ಹಾರ’ದ ಭಾಗೀರಥಿ ನಿಮಗೆ ಗೊತ್ತೇ ಇದೆ. ಅಲ್ಲಿ ಕೆರೆಗೆ ನೀರು ಬರಲಿಲ್ಲ, ಇಲ್ಲಿ ನೀರು ತಡೆಯಲಾಗಲಿಲ್ಲ. ಎರಡು ಕಡೆಯೂ ಜೀವ ತೆತ್ತದ್ದು ಮನೆಯ ಕಿರಿ ಸೊಸೆಯೇ.

ಈ ಮುಸಲಮ್ಮನ ಕಥೆಯನ್ನು ಕಾವ್ಯ ಮಾಡಿ ತೆಲುಗು ಸಾಹಿತ್ಯಕ್ಕೆ ಹೊಸ ದಾರಿ ತೋರಿಸಿದವರು ಕಟ್ಟಮಂಚಿ ರಾಮಲಿಂಗಾರೆಡ್ಡಿ. ಇಂಗ್ಲಿಷಿನಲ್ಲಿ ಸಿ.ಆರ್. ರೆಡ್ಡಿ. ಆಂಧ್ರದಲ್ಲಿ ಅವರ ಹೆಸರು ಕೇಳದ ಮೇಷ್ಟ್ರಿಲ್ಲ. ಆದರೆ ಮೈಸೂರು ವಿಶ್ವವಿದ್ಯಾನಿಲಯ ಕಟ್ಟಿದ್ದರಲ್ಲೂ ಅವರ ಬೆವರಿದೆ ಎಂಬುದು ನಮ್ಮ ಕನ್ನಡದವರಲ್ಲಿ ಎಷ್ಟು ಜನಕ್ಕೆ ನೆನಪಿದೆಯೋ ಕಾಣೆ. ಎರಡು ಭಾಷೆಯ ನಡುವೆ ಬದುಕುವ ನಮ್ಮಂಥವರಿಗೆ ಅವರು ಎರಡು ಕಡೆಯ ಸಂಬಂಧಿಕರು. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ, ಮಾಡೋದು ಕಡಲೆಕಾಯಿ ಬೇಸಾಯ. ವಿಶ್ವವಿದ್ಯಾನಿಲಯದ ಒಳಗೆ ಕೂತು ಓದಿದವನಲ್ಲ. ಆದರೂ ಯಾರನ್ನು ಒಳಗೆ ಬಿಡಬೇಕು, ಯಾರನ್ನು ಹೊರಗೆ ನಿಲ್ಲಿಸಬೇಕು ಎಂಬ ಮಾತು ಬಂದಾಗ ಹೊರಗೆ ನಿಂತವನಿಗೆ ಕಾಣುವುದು ಒಳಗೆ ಕೂತವನಿಗೆ ಕಾಣುವುದಿಲ್ಲ. ಅದಕ್ಕೇ ಅವರ ಬಾಳಿನ ಕಥೆ ಹೇಳಬೇಕು ಅನ್ನಿಸಿತು.

ಚಿತ್ತೂರಿನಿಂದ ಕೇಂಬ್ರಿಜ್‌ಗೆ

ರೆಡ್ಡಿಯವರು ಹುಟ್ಟಿದ್ದು 1880ರ ಡಿಸೆಂಬರ್ 10ರಂದು, ಚಿತ್ತೂರಿನ ಪಕ್ಕದ ಕಟ್ಟಮಂಚಿಯಲ್ಲಿ. ತಂದೆ ಸುಬ್ರಹ್ಮಣ್ಯ ರೆಡ್ಡಿ, ವಕೀಲರು. ಊರಿನಲ್ಲಿ ಜಮೀನಿದ್ದ ಮನೆತನ. ಚಿತ್ತೂರಿನಲ್ಲಿ ಓದಿ ಮದರಾಸಿನ ಕ್ರಿಶ್ಚಿಯನ್ ಕಾಲೇಜು ಸೇರಿದರು. ಅಲ್ಲಿ ತೆಲುಗು ವಿದ್ಯಾರ್ಥಿಗಳ ಸಂಘವೊಂದು ಕಾವ್ಯ ಸ್ಪರ್ಧೆ ಏರ್ಪಡಿಸಿದಾಗ ಈ ಹುಡುಗ ಬರೆದದ್ದು ‘ಮುಸಲಮ್ಮ ಮರಣಮು’. ಆಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಬಹುಮಾನವೂ ಬಂತು, 1900ರಲ್ಲಿ ಪುಸ್ತಕವೂ ಆಯಿತು.

ಇದರಲ್ಲಿ ಏನು ಹೊಸತು ಅಂತ ನೀವು ಕೇಳಬಹುದು. ಅಲ್ಲಿಯವರೆಗೆ ಕಾವ್ಯ ಅಂದರೆ ರಾಜರು, ದೇವತೆಗಳು, ಅಪ್ಸರೆಯರು. ಒಕ್ಕಲು ಮನೆಯ ಸೊಸೆಯೊಬ್ಬಳು, ಅದೂ ಬರಗಾಲದ ಸೀಮೆಯ ಹಳ್ಳಿಯವಳು, ಕಾವ್ಯದ ನಾಯಕಿ ಆಗೋದು ಅಂದರೆ ಅದೇ ಒಂದು ದೊಡ್ಡ ಬದಲಾವಣೆ. ಕಥೆ ಸಿಕ್ಕಿದ್ದು ಬ್ರೌನ್ ದೊರೆ ಸಂಗ್ರಹಿಸಿದ್ದ ಅನಂತಪುರದ ಚರಿತ್ರೆಯಲ್ಲಿ. ಸಣ್ಣ ಕಾವ್ಯ, ದುಃಖದಲ್ಲಿ ಮುಗಿಯುವ ಕಾವ್ಯ. ತೆಲುಗಿನ ಆಧುನಿಕ ಕವಿತೆಯ ಚರಿತ್ರೆ ಬರೆಯುವವರು ಇದನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಯಾರು ಕಾವ್ಯದೊಳಗೆ ಬರಬಹುದು ಎಂಬ ಪ್ರಶ್ನೆಗೆ ಹತ್ತೊಂಬತ್ತನೇ ವಯಸ್ಸಿನಲ್ಲಿ ಉತ್ತರ ಕೊಟ್ಟವರು, ಯಾರು ಕಾಲೇಜಿನೊಳಗೆ ಬರಬಹುದು ಎಂಬ ಪ್ರಶ್ನೆಯನ್ನು ಮುಂದೆ ಜೀವಮಾನವೆಲ್ಲ ಹೊತ್ತು ತಿರುಗಿದರು.

1902ರಲ್ಲಿ ಸರ್ಕಾರದ ವಿದ್ಯಾರ್ಥಿವೇತನ ದೊರೆತು ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜಿಗೆ ಹೋದರು. ಚರಿತ್ರೆ ಅವರ ವಿಷಯ. ಅಲ್ಲಿನ ವಿದ್ಯಾರ್ಥಿಗಳ ಯೂನಿಯನ್ ಸಭೆ ಅಂದರೆ ಇಂಗ್ಲೆಂಡಿನ ಮುಂದಿನ ಮಂತ್ರಿಗಳು ಮಾತು ಕಲಿಯುವ ಗರಡಿಮನೆ. ಅದರ ಉಪಾಧ್ಯಕ್ಷ ಸ್ಥಾನಕ್ಕೆ ಈ ಚಿತ್ತೂರಿನ ಹುಡುಗ ಆರಿಸಿ ಬಂದರು. ಆಳುವವರ ಮಕ್ಕಳು, ಆಳಿಸಿಕೊಳ್ಳುವವರ ಮಗನಿಗೆ ಓಟು ಹಾಕಿದರು ಅಂದರೆ ಅವರ ಮಾತಿನ ಶಕ್ತಿ ಎಂಥದ್ದು ಅಂತ ತಿಳಿಯುತ್ತದೆ.

ಮೈಸೂರಿನ ವರ್ಷಗಳು

ಊರಿಗೆ ಮರಳಿದ ಮೇಲೆ ಬರೋಡಾದ ಸಯ್ಯಾಜಿರಾವ್ ಗಾಯಕವಾಡ ಮಹಾರಾಜರ ಕಾಲೇಜಿನಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿದರು. ಅರವಿಂದ ಘೋಷರು ಅದಕ್ಕೆ ಮುಂಚೆ ದುಡಿದಿದ್ದ ಕಾಲೇಜು ಅದು. ಆಮೇಲೆ 1909ರ ಸುಮಾರಿಗೆ ಮೈಸೂರಿನ ಮಹಾರಾಜ ಕಾಲೇಜಿಗೆ ಬಂದರು. ಬಿ.ಎಂ. ಶ್ರೀಕಂಠಯ್ಯನವರು ಪಾಠ ಹೇಳಲು ಶುರು ಮಾಡಿದ್ದೂ ಹೆಚ್ಚು ಕಡಿಮೆ ಆ ದಿನಗಳಲ್ಲೇ. ಹನ್ನೆರಡು ವರ್ಷ ರೆಡ್ಡಿಯವರು ಮೈಸೂರಿನ ಅನ್ನ ಉಂಡರು. ತೆಲುಗಿನ ವಿಮರ್ಶೆಗೆ ಅಡಿಗಲ್ಲಾದ ಅವರ ‘ಕವಿತ್ವ ತತ್ತ್ವ ವಿಚಾರಮು’ 1914ರಲ್ಲಿ ಹೊರಬಂದಾಗ ಅವರು ಮೈಸೂರು ಸರ್ಕಾರದ ನೌಕರಿಯಲ್ಲಿದ್ದರು ಅನ್ನೋದನ್ನು ನಾವು ಗಡಿನಾಡಿನವರು ಹೆಮ್ಮೆಯಿಂದ ನೆನೆಯಬೇಕು.

ಆ ಕಾಲಕ್ಕೆ ಮೈಸೂರಿಗೆ ಸ್ವಂತ ವಿಶ್ವವಿದ್ಯಾನಿಲಯ ಇರಲಿಲ್ಲ. ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಎರಡೂ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಏನು ಓದಬೇಕು, ಹೇಗೆ ಪರೀಕ್ಷೆ ಮಾಡಬೇಕು ಎಲ್ಲವೂ ಮದರಾಸಿನಿಂದ ಬರಬೇಕು. ಪಕ್ಕದ ಊರಿನ ಕೆರೆಯಿಂದ ನಮ್ಮ ಗದ್ದೆಗೆ ನೀರು ಹರಿಸಿಕೊಂಡ ಹಾಗೆ. ಅವರು ಬಿಟ್ಟಾಗ ಬಂತು, ಬಿಡದಿದ್ದಾಗ ಇಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು, ವಿಶ್ವೇಶ್ವರಯ್ಯನವರು ದಿವಾನರು. ನಮ್ಮದೇ ಒಂದು ಇರಲಿ ಅಂತ ಹಟ ಹಿಡಿದರು. ಹೊರದೇಶದ ವಿಶ್ವವಿದ್ಯಾನಿಲಯಗಳನ್ನು ಅಭ್ಯಾಸ ಮಾಡುವ ಜವಾಬ್ದಾರಿ ಬಿದ್ದದ್ದು ಥಾಮಸ್ ಡೆನ್ಹಾಂ ಮತ್ತು ರೆಡ್ಡಿ ಇಬ್ಬರ ಮೇಲೆ. ಇಂಗ್ಲೆಂಡಿನ ಪದ್ಧತಿ ಮಾತ್ರವಲ್ಲ, ಅಮೆರಿಕದ್ದನ್ನೂ ಅವರು ನೋಡಿದರು. ಅಮೆರಿಕದ ವಿಸ್ಕಾನ್‌ಸಿನ್‌ನಂಥ ಕಡೆ ವಿಶ್ವವಿದ್ಯಾನಿಲಯ ಅಂದರೆ ರೈತನ ಹೊಲದ ತನಕ ಹೋಗುವ ಸಂಸ್ಥೆ. ಬರೀ ವಕೀಲರು, ಗುಮಾಸ್ತರನ್ನು ತಯಾರು ಮಾಡುವ ಕಾರ್ಖಾನೆ ಅಲ್ಲ. 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ದೇಶೀ ಸಂಸ್ಥಾನಗಳಲ್ಲಿ ಅದೇ ಮೊದಲನೆಯದು. ಎಚ್.ವಿ. ನಂಜುಂಡಯ್ಯನವರು ಮೊದಲ ಉಪಕುಲಪತಿ.

ವಿಶ್ವವಿದ್ಯಾನಿಲಯ ಏನೋ ಬಂತು. ಆದರೆ ಅಲ್ಲಿಗೆ ಬರುವ ಹುಡುಗರು ಯಾರು? ಹಳ್ಳಿಯ ಶಾಲೆಯಲ್ಲೇ ಬಾಗಿಲು ಮುಚ್ಚಿದ್ದರೆ ಮೈಸೂರಿನಲ್ಲಿ ಬಾಗಿಲು ತೆಗೆದು ಏನು ಪ್ರಯೋಜನ? ಆಗ ಪಂಚಮರು ಎಂದು ಕರೆಸಿಕೊಳ್ಳುತ್ತಿದ್ದವರ ಮಕ್ಕಳಿಗೆ ಬೇರೆ ಶಾಲೆ, ಇಲ್ಲದಿದ್ದರೆ ಶಾಲೆಯೇ ಇಲ್ಲ. ಸರ್ಕಾರಿ ಶಾಲೆಗಳಿಗೆ ಅವರನ್ನೂ ಸೇರಿಸಬೇಕು ಎಂದು ಮೈಸೂರು ಸರ್ಕಾರ ನಿಂತಾಗ ಅನೇಕ ಊರುಗಳಲ್ಲಿ ಮೇಲಿನವರು ತಮ್ಮ ಮಕ್ಕಳನ್ನೇ ಬಿಡಿಸಿಕೊಂಡು ಹೋದರು. ವಿದ್ಯಾ ಇಲಾಖೆಯ ಇನ್ಸ್‌ಪೆಕ್ಟರ್ ಜನರಲ್ ಆಗಿ ರೆಡ್ಡಿಯವರು ಈ ವಿಷಯದಲ್ಲಿ ಹಿಂದೆ ಸರಿಯಲಿಲ್ಲ. ಸಾರ್ವಜನಿಕರ ದುಡ್ಡಿನಲ್ಲಿ ನಡೆಯುವ ಶಾಲೆ ಸಾರ್ವಜನಿಕರೆಲ್ಲರದೂ ಹೌದು ಎಂಬುದು ಅವರ ವಾದ. ಕಾಗದದ ಮೇಲೆ ಹುಕುಂ ಬರೆಯೋದು ಸುಲಭ. ಊರಿನ ಗೌಡ, ಶಾನುಭೋಗ, ಮೇಷ್ಟ್ರು ಮೂವರೂ ಮುಖ ತಿರುಗಿಸಿ ನಿಂತಾಗ ಅದನ್ನು ನಡೆಸೋದು ಎಷ್ಟು ಕಷ್ಟ ಅಂತ ಹಳ್ಳಿಯಲ್ಲಿದ್ದವರಿಗೆ ಬೇರೆ ಹೇಳಬೇಕಿಲ್ಲ.

ಇದೇ ಕಾಲಕ್ಕೆ ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರಿಗೆ ಪಾಲು ಬೇಕು ಎಂಬ ಕೂಗು ಮೈಸೂರಿನಲ್ಲಿ ಎದ್ದಿತ್ತು. ಒಕ್ಕಲಿಗರು, ಲಿಂಗಾಯತರು, ಮುಸಲ್ಮಾನರು ಸೇರಿ 1917ರಲ್ಲಿ ಪ್ರಜಾಮಿತ್ರ ಮಂಡಳಿ ಕಟ್ಟಿದರು. ರೆಡ್ಡಿಯವರ ಒಲವು ಅವರ ಕಡೆಗೇ ಇತ್ತು. ಮಹಾರಾಜರು 1918ರಲ್ಲಿ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗುವಂತಾಗಬೇಕು ಅಂತ ಸಮಿತಿ ಹೇಳಿತು. ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆ ಇರಲಿಲ್ಲ, ದಿವಾನಗಿರಿ ಬಿಟ್ಟರು. ವಿಶ್ವವಿದ್ಯಾನಿಲಯ ಕಟ್ಟುವಾಗ ಒಂದೇ ನೊಗಕ್ಕೆ ಹೆಗಲು ಕೊಟ್ಟ ಇಬ್ಬರು, ಯೋಗ್ಯತೆ ಅಂದರೆ ಏನು ಎಂಬ ಪ್ರಶ್ನೆ ಬಂದಾಗ ಬೇರೆ ಬೇರೆ ದಾರಿ ಹಿಡಿದರು. ಇಬ್ಬರೂ ಸಣ್ಣವರಲ್ಲ. ನಮ್ಮ ಮನೆಗಳಲ್ಲಿ ಇಂದಿಗೂ ನಡೆಯುವ ಜಗಳ ಇದೇ. ಆದರೆ ಮೊದಲ ತಲೆಮಾರಿನಲ್ಲಿ ಸ್ಲೇಟು ಹಿಡಿದ ಮನೆಯಿಂದ ಬಂದ ನನಗೆ ರೆಡ್ಡಿಯವರ ದಾರಿಯೇ ಸರಿ ಕಾಣುತ್ತದೆ. ಗೇಯ್ದ ಹೊಲಕ್ಕೂ ಬೀಳು ಹೊಲಕ್ಕೂ ಒಂದೇ ದಿನ ಬಿತ್ತಿ, ಫಸಲು ಯಾಕೆ ಸಮ ಬರಲಿಲ್ಲ ಅಂತ ಕೇಳುವುದು ನ್ಯಾಯವಲ್ಲ.

ಬೆಜವಾಡದಿಂದ ವಾಲ್ಟೇರಿಗೆ

1921ರಲ್ಲಿ ರೆಡ್ಡಿಯವರು ಮೈಸೂರಿನ ಕೆಲಸ ಬಿಟ್ಟು ಮದರಾಸಿನ ರಾಜಕೀಯಕ್ಕೆ ಇಳಿದರು. ಜಸ್ಟಿಸ್ ಪಕ್ಷದಲ್ಲಿದ್ದರು, ಅದರ ನಡವಳಿಕೆ ಹಿಡಿಸದೆ ಹೊರಬಂದರು. 1923ರ ನವೆಂಬರಿನಲ್ಲಿ ಪಾನಗಲ್ ರಾಜರ ಮಂತ್ರಿಮಂಡಲದ ಮೇಲೆ ಅವಿಶ್ವಾಸ ನಿರ್ಣಯ ತಂದವರು ಇವರೇ. ನಿರ್ಣಯ ಬಿದ್ದುಹೋಯಿತು. ರಾಜಕೀಯದಲ್ಲಿ ಅವರು ಬಹಳ ಗಟ್ಟಿಯಾಗಿ ಬೇರು ಬಿಡಲಿಲ್ಲ. ನಾಲಿಗೆ ಹರಿತ, ಯಾರನ್ನೂ ಬಿಡುತ್ತಿರಲಿಲ್ಲ.

1926ರಲ್ಲಿ ಆಂಧ್ರ ವಿಶ್ವವಿದ್ಯಾನಿಲಯದ ಕಾನೂನು ಬಂತು. ಬೆಜವಾಡ ಕೇಂದ್ರವಾಯಿತು. ಮೊದಲ ಉಪಕುಲಪತಿ ರೆಡ್ಡಿಯವರೇ. ಮೈಸೂರಿನಲ್ಲಿ ಕಲಿತ ಪಾಠವನ್ನು ತಾಯ್ನುಡಿಯ ನೆಲದಲ್ಲಿ ನಾಟಿ ಮಾಡುವ ಅವಕಾಶ ಬಂತು ಅನ್ನಿ.

ಇಲ್ಲಿ ನಮ್ಮ ಸೀಮೆಯ ನೋವಿನ ಕಥೆಯನ್ನೂ ಹೇಳಲೇಬೇಕು. ವಿಶ್ವವಿದ್ಯಾನಿಲಯ ಎಲ್ಲಿರಬೇಕು ಎಂಬ ಜಗಳ ಹತ್ತಿತು. ಬೆಜವಾಡ ಅಂದರು, ರಾಜಮಹೇಂದ್ರಿ ಅಂದರು, ವಿಶಾಖಪಟ್ಟಣ ಅಂದರು. ನಮ್ಮವರು ಅನಂತಪುರ ಅಂದರು. ಕೊನೆಗೆ 1930ರಲ್ಲಿ ಅದು ವಿಶಾಖಪಟ್ಟಣದ ವಾಲ್ಟೇರಿಗೆ ಹೋಯಿತು. ಮಡಕಶಿರಾದಿಂದ ವಾಲ್ಟೇರಿಗೆ ಹೋಗೋದು ಅಂದರೆ ಆ ಕಾಲಕ್ಕೆ ಇನ್ನೊಂದು ದೇಶಕ್ಕೆ ಹೋದ ಹಾಗೆ. ರಾಯಲಸೀಮೆಯ ಕಾಲೇಜುಗಳು ಆಂಧ್ರ ವಿಶ್ವವಿದ್ಯಾನಿಲಯ ಬಿಟ್ಟು ಮತ್ತೆ ಮದರಾಸಿಗೇ ಸೇರಿದವು. ಸ್ವತಃ ಚಿತ್ತೂರಿನವರೇ ಕಟ್ಟಿದ ಸಂಸ್ಥೆಯ ಹೊರಗೆ ಅವರ ಸೀಮೆಯೇ ಉಳಿಯಿತು. ಈ ಗಾಯ ಮಾಯಲಿಲ್ಲ. 1937ರ ನವೆಂಬರ್ 16ರಂದು ಮದರಾಸಿನ ಶ್ರೀಬಾಗ್‌ನಲ್ಲಿ ಕರಾವಳಿಯವರೂ ಸೀಮೆಯವರೂ ಕೂತು ಒಪ್ಪಂದ ಮಾಡಿಕೊಂಡಾಗ, ಅನಂತಪುರದಲ್ಲಿ ವಿಶ್ವವಿದ್ಯಾನಿಲಯದ ಕೇಂದ್ರ ಬೆಳೆಸಬೇಕು ಎಂಬುದೂ ಅದರಲ್ಲಿ ಸೇರಿತು. ತಿರುಪತಿಯ ಶ್ರೀ ವೆಂಕಟೇಶ್ವರ ವಿಶ್ವವಿದ್ಯಾನಿಲಯ ಬಂದದ್ದು 1954ರಲ್ಲಿ. ಅನಂತಪುರದ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾನಿಲಯ ಬಂದದ್ದು 1981ರಲ್ಲಿ. ಶ್ರೀಬಾಗ್ ಮಾತಿನಿಂದ ಲೆಕ್ಕ ಹಾಕಿದರೆ 44 ವರ್ಷ. ಅಷ್ಟು ಹೊತ್ತಿಗೆ ಎರಡು ತಲೆಮಾರಿನ ಮಕ್ಕಳು ಎತ್ತು ಕಟ್ಟಿಕೊಂಡು ಹೊಲಕ್ಕೆ ಹೋಗಿಯಾಗಿತ್ತು. ಎಲ್ಲರನ್ನೂ ಒಳಗೊಳ್ಳುವುದು ಅಂದರೆ ಜಾತಿ ಮಾತ್ರವಲ್ಲ, ದೂರವನ್ನೂ ಲೆಕ್ಕಕ್ಕೆ ತಗೊಳ್ಳಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದು, ಸರ್ಕಾರ ಲಾಠಿ ಹಿಡಿದು ಜನರನ್ನು ಜೈಲಿಗೆ ತುಂಬುತ್ತಿದ್ದಾಗ, ರೆಡ್ಡಿಯವರು ಅದನ್ನು ಪ್ರತಿಭಟಿಸಿ ಉಪಕುಲಪತಿ ಪದವಿಗೆ ರಾಜೀನಾಮೆ ಕೊಟ್ಟರು. ಕಾಂಗ್ರೆಸ್ಸಿನ ಕಾರ್ಯಕರ್ತರಲ್ಲದ ಒಬ್ಬ ವಿದ್ವಾಂಸ ಕುರ್ಚಿ ಬಿಟ್ಟದ್ದು ದೊಡ್ಡ ಸುದ್ದಿ. ಅವರ ಜಾಗಕ್ಕೆ ಬಂದವರು ಸರ್ವೇಪಲ್ಲಿ ರಾಧಾಕೃಷ್ಣನ್. ಅವರೂ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿ ಹೋದವರೇ. ರಾಧಾಕೃಷ್ಣನ್ ಅವರು 1936ರವರೆಗೆ ಇದ್ದು, ಹಲವು ಪ್ರಾಂತ್ಯಗಳಿಂದ ವಿದ್ವಾಂಸರನ್ನು ಕರೆತಂದರು. ಬಂಗಾಳದಿಂದ ಹುಮಾಯೂನ್ ಕಬೀರ್, ಹಿರೇನ್ ಮುಖರ್ಜಿ ಅಂಥವರು ವಾಲ್ಟೇರಿನಲ್ಲಿ ಪಾಠ ಮಾಡಿದರು. 1936ರಲ್ಲಿ ರೆಡ್ಡಿಯವರು ಮತ್ತೆ ಬಂದರು, 1949ರವರೆಗೆ ಇದ್ದರು.

ಒಳಗೆ ಬಂದವರು

ಈ ಎರಡನೇ ಅವಧಿಯಲ್ಲೇ ವಿಶ್ವವಿದ್ಯಾನಿಲಯಕ್ಕೆ ನಿಜವಾದ ಮೈ ತುಂಬಿತು. ದುಡ್ಡಿನ ಕಷ್ಟ ಬಹಳವಿತ್ತು. ಜಯಪುರ ಸಂಸ್ಥಾನದ ವಿಕ್ರಮದೇವ ವರ್ಮ ಮಹಾರಾಜರು ವರ್ಷಕ್ಕೆ ಒಂದು ಲಕ್ಷ ರೂಪಾಯಿ ಕೊಡಲು ಒಪ್ಪಿದರು. ವಿಜ್ಞಾನ, ತಂತ್ರಜ್ಞಾನದ ಕಾಲೇಜಿಗೆ ಅವರ ಹೆಸರನ್ನೇ ಇಟ್ಟರು. ಜಯಪುರ ಒಡಿಯಾ ಮಾತಿನ ಸೀಮೆ, 1936ರಲ್ಲಿ ಒಡಿಶಾ ಪ್ರಾಂತ್ಯಕ್ಕೆ ಸೇರಿಹೋಗಿತ್ತು. ಮಹಾರಾಜರು ಒಡಿಯಾ, ತೆಲುಗು ಎರಡರಲ್ಲೂ ಬರೆಯುತ್ತಿದ್ದವರು. ಗಡಿ ಬೇರೆಯಾಯಿತು ಅಂತ ಕೈ ಹಿಂದಕ್ಕೆ ತೆಗೆಯಲಿಲ್ಲ. ಬರ್ಹಾಂಪುರ, ಪರ್ಲಾಖಿಮಿಡಿಯ ಕಾಲೇಜುಗಳೂ 1943ರಲ್ಲಿ ಉತ್ಕಲ ವಿಶ್ವವಿದ್ಯಾನಿಲಯ ಆಗುವ ತನಕ ಆಂಧ್ರಕ್ಕೇ ಸೇರಿದ್ದವು. ಹೆಸರು ಆಂಧ್ರದ್ದಾದರೂ ಅಲ್ಲಿ ಓದಿದ್ದು ತೆಲುಗರು ಮಾತ್ರ ಅಲ್ಲ.

ಹೆಣ್ಣುಮಕ್ಕಳ ವಿಷಯ ಇನ್ನೊಂದು. ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡು ಬಂದಿದ್ದ ದುರ್ಗಾಬಾಯಿಯವರು ರಾಜ್ಯಶಾಸ್ತ್ರ ಓದಬೇಕು ಅಂತ ವಾಲ್ಟೇರಿಗೆ ಬಂದರು. ಹೆಣ್ಣುಮಕ್ಕಳಿಗೆ ಹಾಸ್ಟೆಲ್ ಇಲ್ಲ, ಹೇಗೆ ಸೇರಿಸಿಕೊಳ್ಳೋದು ಅಂತ ರೆಡ್ಡಿಯವರು ಹಿಂದೆ ಮುಂದೆ ನೋಡಿದರು. ಆಕೆ ಬಿಡುವವರಲ್ಲ. ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಓದುವ ಆಸೆ ಇದ್ದ ಹುಡುಗಿಯರನ್ನು ಕೂಡಿಸಿ, ತಾವೇ ಹಾಸ್ಟೆಲ್ ಶುರು ಮಾಡಿದರು. ರೆಡ್ಡಿಯವರು ಸೇರಿಸಿಕೊಂಡರು. ಆಕೆ ಮೊದಲ ದರ್ಜೆಯಲ್ಲಿ ಪಾಸಾದರು. ಮುಂದೆ ಸಂವಿಧಾನ ರಚನಾ ಸಭೆಯಲ್ಲಿ ಕೂತ ದುರ್ಗಾಬಾಯಿ ದೇಶಮುಖ್ ಇವರೇ. ಪ್ರವೇಶ ಇದೆ ಅಂತ ಬೋರ್ಡು ಬರೆದರೆ ಸಾಲದು. ಮಲಗಲು ಕೋಣೆ, ಉಣ್ಣಲು ಅನ್ನ ಇಲ್ಲದಿದ್ದರೆ ಆ ಬಾಗಿಲು ತೆರೆದಿದ್ದರೂ ಮುಚ್ಚಿದ ಹಾಗೇ. ದೊಡ್ಡವರಿಗೂ ಇದನ್ನು ಯಾರಾದರೂ ಬಂದು ತೋರಿಸಬೇಕಾಗುತ್ತದೆ. ತೋರಿಸಿದಾಗ ಅವರು ಒಪ್ಪಿದರು ಅನ್ನೋದು ಮುಖ್ಯ.

ಭಾಷೆಯ ವಿಷಯದಲ್ಲಿ ಗಿಡುಗು ರಾಮಮೂರ್ತಿಯವರ ಹೆಸರು ಹೇಳಬೇಕು. ಜನ ಆಡುವ ತೆಲುಗಿನಲ್ಲೇ ಬರೆಯಬೇಕು ಅಂತ ಪಂಡಿತರ ಜೊತೆ ಜೀವಮಾನವೆಲ್ಲ ಕಾದಾಡಿದವರು. ಅಷ್ಟೇ ಅಲ್ಲ, ಬೆಟ್ಟದ ಸವರ ಜನರ ಭಾಷೆ ಕಲಿತು, ಅದಕ್ಕೆ ನಿಘಂಟು, ವ್ಯಾಕರಣ ಬರೆದವರು. ಆಂಧ್ರ ವಿಶ್ವವಿದ್ಯಾನಿಲಯ 1938ರಲ್ಲಿ ಅವರಿಗೆ ಕಲಾಪ್ರಪೂರ್ಣ ಗೌರವ ಕೊಟ್ಟಿತು. ಕಾಡಿನವರ ಮಾತಿಗೂ ಹಳ್ಳಿಯವರ ಮಾತಿಗೂ ದುಡಿದವರನ್ನು ಸಭೆಯಲ್ಲಿ ಕೂರಿಸಿ ಸನ್ಮಾನಿಸಿದರೆ, ಆ ಮಾತು ಆಡುವವರಿಗೂ ಅಲ್ಲಿ ಒಂದು ಚಾಪೆ ಹಾಸಿದಂತೆ.

ಪಾಠ ಹೇಳುವವರಲ್ಲಿ ತಮಿಳುನಾಡಿನಿಂದ ಬಂದ ರಸಾಯನಶಾಸ್ತ್ರಜ್ಞ ಟಿ.ಆರ್. ಶೇಷಾದ್ರಿ, ಸಿ.ವಿ. ರಾಮನ್ ಅವರ ಶಿಷ್ಯ ಭಗವಂತಂ ಇದ್ದರು. ಓದಲು ಬಂದವರಲ್ಲಿ ನಮ್ಮ ಕಡೆಯ ಒಂದು ಹೆಸರಿದೆ. ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್. ಮನೆಮಾತು ತೆಲುಗು, ಹುಟ್ಟಿದ ನೆಲ ಕನ್ನಡ. ಗಣಿತದ ಎಂ.ಎ. ಮಾಡಿದ್ದು ವಾಲ್ಟೇರಿನಲ್ಲಿ, ರೆಡ್ಡಿಯವರ ಕಾಲದಲ್ಲೇ. ಸಂಖ್ಯಾಶಾಸ್ತ್ರದಲ್ಲಿ ಜಗತ್ತೇ ತಲೆಬಾಗುವ ವಿದ್ವಾಂಸರಾಗಿ 2023ರಲ್ಲಿ ತೀರಿಕೊಂಡರು.

1942ರ ಏಪ್ರಿಲ್ 6ರಂದು ಜಪಾನಿನ ವಿಮಾನಗಳು ವಿಶಾಖಪಟ್ಟಣದ ಮೇಲೆ ಬಾಂಬು ಹಾಕಿದವು. ಕಟ್ಟಡಗಳು ಸೈನ್ಯದ ಕೈಗೆ ಹೋದವು, ವಿಶ್ವವಿದ್ಯಾನಿಲಯ ಗಂಟುಮೂಟೆ ಕಟ್ಟಿ ಗುಂಟೂರಿಗೆ ಹೋಯಿತು. ಯುದ್ಧ ಮುಗಿದ ಮೇಲೆ ಮತ್ತೆ ವಾಲ್ಟೇರಿಗೆ ತಂದು ನಿಲ್ಲಿಸಿದರು. ಅದೇ 1942ರಲ್ಲಿ ರೆಡ್ಡಿಯವರಿಗೆ ಬ್ರಿಟಿಷರ ಸರ್ ಪದವಿ ಬಂತು. ದೇಶವೆಲ್ಲ ಕ್ವಿಟ್ ಇಂಡಿಯಾ ಅನ್ನುತ್ತಿದ್ದ ವರ್ಷದಲ್ಲಿ ಅದನ್ನು ಒಪ್ಪಿಕೊಂಡದ್ದು, ಉಪ್ಪಿನ ಸತ್ಯಾಗ್ರಹಕ್ಕೆ ರಾಜೀನಾಮೆ ಕೊಟ್ಟವರಿಗೆ ಒಪ್ಪುವ ಮಾತಲ್ಲ ಅಂತ ಎತ್ತಿ ಆಡುವವರಿದ್ದಾರೆ. ಅವರ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಎರಡೂ ಅದೇ ಮನುಷ್ಯ ಮಾಡಿದ್ದು.

ಅವರು ಮದುವೆಯಾಗಲಿಲ್ಲ. 1949ರಲ್ಲಿ ಆಂಧ್ರ ವಿಶ್ವವಿದ್ಯಾನಿಲಯ ಬಿಟ್ಟ ಮೇಲೆ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಪ್ರೊ-ಛಾನ್ಸಲರ್ ಆದರು. ಹುಟ್ಟುವಾಗ ತೊಟ್ಟಿಲು ತೂಗಿದ ಸಂಸ್ಥೆಗೆ ಮುಪ್ಪಿನಲ್ಲಿ ಹಿರಿಯರಾಗಿ ಮರಳಿದರು. 1951ರ ಫೆಬ್ರವರಿ 24ರಂದು ತೀರಿಕೊಂಡರು. ವಾಲ್ಟೇರಿನ ಘಟಿಕೋತ್ಸವ ಭವನಕ್ಕೆ ಅವರ ಹೆಸರಿದೆ. ಏಲೂರಿನಲ್ಲಿ 1945ರಲ್ಲಿ ಆರಂಭವಾದ ಕಾಲೇಜಿಗೂ ಅವರದೇ ಹೆಸರು.

ಕೆರೆ ಬಯಲಿನಲ್ಲಿ ನೀರುಗಂಟಿ ಅಂತ ಒಬ್ಬನಿರುತ್ತಿದ್ದ. ತೂಬಿನ ಹತ್ತಿರದ ಗದ್ದೆಯವನು ಗೌಡನಾದರೂ ಸರಿ, ಕೊನೇ ಗದ್ದೆಯವನ ಸರದಿ ತಪ್ಪಿಸುವ ಹಾಗಿಲ್ಲ. ರೆಡ್ಡಿಯವರು ವಿದ್ಯೆಗೆ ನೀರುಗಂಟಿಯಾಗಲು ನೋಡಿದರು. ಕೆಲವು ಗದ್ದೆಗೆ ಮುಟ್ಟಿತು, ನಮ್ಮ ಸೀಮೆಯಂಥ ಕೆಲವಕ್ಕೆ ಅವರ ಕಾಲದಲ್ಲಿ ಮುಟ್ಟಲಿಲ್ಲ. ಈಗ ಅನಂತಪುರದಲ್ಲೂ ಇದೆ, ಬಳ್ಳಾರಿಯಲ್ಲೂ ಇದೆ, ತುಮಕೂರಿನಲ್ಲೂ ಇದೆ. ನಮ್ಮ ಮಕ್ಕಳು ಗಡಿಯ ಆಚೆಗೂ ಈಚೆಗೂ ಓದಲು ಹೋಗುತ್ತಾರೆ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು ಆಡುವ ಮಗು ಯಾವ ಕ್ಲಾಸಿನಲ್ಲಿ ಕೂತರೂ ಅದರ ಮಾತು ಕೇಳಿ ಯಾರೂ ನಗಬಾರದು. ಎರಡು ಭಾಷೆ ಬಲ್ಲದ್ದು ಕೊರತೆಯಲ್ಲ, ಆಸ್ತಿ. ಗಡಿಭಾಗದ ಹುಡುಗರನ್ನು ಸೇರಿಸಿಕೊಳ್ಳುವ ಕಾಲೇಜುಗಳು ಅವರಿಗೆ ಹಾಸ್ಟೆಲ್ಲು, ಭಾಷೆಯ ಆಯ್ಕೆ, ಸರ್ಟಿಫಿಕೇಟಿನ ತೊಡಕು ಈ ಮೂರನ್ನು ಮೊದಲು ನೋಡಲಿ. ಮತ್ತೆ, ನಮ್ಮ ಕನ್ನಡ ಶಾಲೆಗಳಲ್ಲಿ ಭಾಗೀರಥಿಯ ಹಾಡು ಹೇಳಿಕೊಡುವ ದಿನ ಮೇಷ್ಟ್ರು ಮುಸಲಮ್ಮನ ಕಥೆಯನ್ನೂ ಹೇಳಲಿ. ತೆಲುಗು ಶಾಲೆಗಳಲ್ಲಿ ಮುಸಲಮ್ಮನ ಪಾಠ ಬಂದಾಗ ಭಾಗೀರಥಿಯನ್ನೂ ನೆನೆಯಲಿ. ಇದಕ್ಕೆ ಸರ್ಕಾರದ ಹುಕುಂ ಏನೂ ಬೇಕಿಲ್ಲ.